ಇಂದಿರಕ್ಕ ನಿನಗೂ ಹಾರೈಸಿದರು

ಅವ್ವ,

ನೀನು ಜಗಲಿಯಲ್ಲೇ ಕೂರಿಸಿ, ಬೇರೆ ಲೋಟದಲ್ಲಿ ಕಾಫಿ ಕೊಡುತ್ತಿದ್ದ ಪಕ್ಕದ ಮನೆಯ ಇಂದಿರಕ್ಕನಲ್ಲಿಗೆ ಇವತ್ತು ಬೆಳಿಗ್ಗೆ ಹೋಗಿದ್ದೆ. ಬುದ್ಧನ ಪಟದ ಮುಂದೆ ಕೂತು, ಒಬ್ಬೊಬ್ಬರ ಹೆಸರು ಹೇಳಿ ಒಳ್ಳೆಯದನ್ನು ಹಾರೈಸುತ್ತಿದ್ದರು. ದಿನವೂ ಹೀಗೆಯೇ ಅಂತೆ. ಕೊನೆಗೆ ನಿನಗೂ, “ತೀರ್ಕೊಂಡ ಸಾವಿತ್ರಮ್ಮನೋರೂ ನೆಮ್ಮದಿಯಾಗಿರ್ಲಿ” ಅಂದರು.

ನನಗೆ ಮೈಯೆಲ್ಲ ಉರಿಯಿತು. “ನಿಮ್ಮನ್ನ ಒಳಗೇ ಬಿಟ್ಕೊಳ್ದೋಳಿಗೆ ಯಾಕಕ್ಕ?” ಎಂದೆ.

“ಸಿಟ್ಟು ಹೊತ್ಕೊಂಡು ಎಷ್ಟು ದಿನ ತಿರುಗ್ಲಿ ಕಣಮ್ಮ? ಸುಲಭ ಏನಲ್ಲ. ಅದಕ್ಕೇ ದಿನಾ ಕೂರ್ತೀನಿ.”

ಬುದ್ಧ ನಮ್ಮ ಮನೆದೇವರಲ್ಲ. ಆದರೂ ಅವರ ಪಕ್ಕ ಕೂತು ಕಣ್ಣು ಮುಚ್ಚಿದೆ. ನನ್ನನ್ನು ಹೊಡೆಯುತ್ತಿದ್ದ ಗಂಡನಿಗೂ, ಕಷ್ಟಪಟ್ಟು, ಹಾರೈಸಿದೆ. ಅಳುತ್ತಾ ಬಂದಾಗಲೆಲ್ಲ ನನ್ನನ್ನು ಮತ್ತೆ ಅವನ ಊರು ತರೀಕೆರೆಯ ಬಸ್ಸು ಹತ್ತಿಸುತ್ತಿದ್ದ ನಿನ್ನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.