ಅಂಗಿಯ ಕೆಳಗೆ ಇರುವುದು

ಫೆಬ್ರವರಿ 8, ಶನಿವಾರ

ಇವತ್ತು ಏಳು ಜನ. ಹೋಮರ್‌ನ ಅಂಗಡಿಯ ಹಿಂದಿನ ಕೋಣೆ. ಎಂದಿನಂತೆ ಹೀಟರ್ ಕೆಟ್ಟಿದೆ, ಎಂದಿನಂತೆ ಮರಿಮೀನಿನ ತೊಟ್ಟಿಯ ವಾಸನೆ. ಗಾಳ, ಎರೆಹುಳು ಮಾರುವ ಅಂಗಡಿಯಲ್ಲಿ ಪಿಸ್ತೂಲಿನ ಪಾಠವೇ ಎಂದು ಹೊಸಬರು ಮೂಗು ಮುರಿಯುತ್ತಾರೆ. ಮುರಿಯಲಿ. ಮೂವತ್ತೊಂದು ವರ್ಷ ಮಿಸೌರಿಯ ಮಣ್ಣುರಸ್ತೆಗಳಲ್ಲಿ ಅಂಚೆ ಹಂಚಿದವನು ನಾನು, ಇದಕ್ಕಿಂತ ಕೆಟ್ಟ ಜಾಗದಲ್ಲಿ ಕೂತು ಊಟ ಮಾಡಿದ್ದೇನೆ.

ಪಾಠ ಅದೇ. ಮೊದಲ ಮಾತು — ಅಂಗಿಯ ಕೆಳಗೆ ಇರುವುದು ಯಾರಿಗೂ ಗೊತ್ತಾಗಬಾರದು. ಪಾದ್ರಿಗೂ, ಭಾವಮೈದುನನಿಗೂ. ಎರಡು — ದಿನಾ ಕಟ್ಟಿಕೊಳ್ಳಿ, ಇಲ್ಲವೇ ಬೇಡವೇ ಬೇಡ. ಮೂರು — ಓಡಲು ದಾರಿ ಇದ್ದರೆ ಓಡಿ. ನಾಲ್ಕು — ಪಾಯಿಖಾನೆಯ ಬಾಗಿಲ ಕೊಕ್ಕೆಗೆ ನೇತುಹಾಕಿ ಮರೆತು ಬರಬೇಡಿ. ನಾಲ್ಕನೆಯದಕ್ಕೆ ಎಲ್ಲರೂ ನಗುತ್ತಾರೆ. ವರ್ಷಕ್ಕೊಬ್ಬ ಮರೆತೇ ಮರೆಯುತ್ತಾನೆ.

ಟ್ವೈಲಾ ಎಂಬ ಹೆಂಗಸು, ಮೂವತ್ತನಾಲ್ಕಿರಬಹುದು, ಹಲ್ಲಿನ ಡಾಕ್ಟರ ಬಳಿ ಕೆಲಸ. ಅಂಗಡಿಯ ಹಿತ್ತಲಲ್ಲಿ ಗುರಿ ಅಭ್ಯಾಸ, ಮೊದಲ ಗುಂಡಿಗೆ ಕಣ್ಣು ಮುಚ್ಚಿದಳು. ಹತ್ತನೆಯದಕ್ಕೆ ಗುರಿ ಹಾಳೆಯ ನಡುವಿಗೇ ಹೊಡೆದಳು. ಕ್ಲಾಸು ಮುಗಿದ ಮೇಲೆ ಹಿಂದೆ ಉಳಿದಳು.

"ಮಿಸ್ಟರ್ ವರ್ನ್, ಬ್ಯಾಗಲ್ಲಿ ಇಟ್ಕೊಂಡ್ರೆ ಸಾಕಲ್ವಾ? ಸೊಂಟಕ್ಕೆ ಕಟ್ಟಿದ್ರೆ ಕೆಲಸದ ಬಟ್ಟೇಲಿ ಉಬ್ಬಿ ಕಾಣುತ್ತೆ."

"ಸದ್ಯಕ್ಕೆ ಬ್ಯಾಗ್ ಆಗ್ಲಿ. ಆದ್ರೆ ಬ್ಯಾಗ್ ಕೈ ಬಿಡ್ಬಾರ್ದು. ಯಾರಿಗೆ ಹೆದರಿ ಬಂದೆ ತಾಯಿ?"

"ಮಾಜಿ ಗಂಡ." ಅಷ್ಟೇ ಹೇಳಿದಳು. ಕತ್ತಿನ ಪಟ್ಟಿಯನ್ನು ಸ್ವಲ್ಪ ಸರಿಸಿ ತೋರಿಸಿದಳು. ಹಳೆಯ ಗಾಯ. ನಾನು ಮತ್ತೇನೂ ಕೇಳಲಿಲ್ಲ.

ಕೊನೆಗೆ ಫೋಟೋ. ಎಲ್ಲರೂ ತಮ್ಮ ಗುರಿ ಹಾಳೆಗೆ ಸಹಿ ಹಾಕಿ, ಎದೆಯ ಮುಂದೆ ಹಿಡಿದು ನಿಲ್ಲುತ್ತಾರೆ. ಹಾಳೆ ಗೋಡೆಗೆ, ಫೋಟೋ ಅಂಗಡಿಯ ಫೇಸ್‌ಬುಕ್ಕಿಗೆ. ಹನ್ನೆರಡು ವರ್ಷದ ಪದ್ಧತಿ. ಟ್ವೈಲಾ "ಬೇಕೇಬೇಕಾ?" ಎಂದಳು. ಎಲ್ಲರೂ ನಿಲ್ತಾರಮ್ಮ ಎಂದೆ. ಫೋಟೋ ಕೆಳಗೆ ನಾನೇ ಬರೆದೆ: ಇನ್ನು ಟ್ವೈಲಾಳ ತಂಟೆಗೆ ಹೋಗುವ ಮುಂಚೆ ಎರಡು ಸಲ ಯೋಚಿಸಿ. ನಲವತ್ತು ಜನ ಮೆಚ್ಚಿದರು.


ಫೆಬ್ರವರಿ 19

ಹಿಮ. ಮೊಣಕಾಲು ನೋವು. ನಡೀನ್ ಬೀನ್ಸ್ ಸೂಪು ಮಾಡಿದ್ದಳು. ಮದುವೆಯಾಗಿ ನಲವತ್ತೆರಡು ವರ್ಷವಾದರೂ ಉಪ್ಪಿನ ಅಳತೆ ಅವಳಿಗೆ ಬಂದಿಲ್ಲ. ಹೇಳುವ ಧೈರ್ಯ ನನಗೂ ಬಂದಿಲ್ಲ.


ಮಾರ್ಚ್ 8, ಶನಿವಾರ

ಐದೇ ಜನ. ಆದರೆ ಒಬ್ಬ — ಇಂಥ ವಿದ್ಯಾರ್ಥಿ ವರ್ಷಕ್ಕೊಬ್ಬ ಸಿಕ್ಕರೆ ಸಾಕು. ಹೆಸರು ಲಾಯ್ಡ್ ಪ್ರೂಯಿಟ್. ಛಾವಣಿ ಕೆಲಸದವನು. ಎಲ್ಲದಕ್ಕೂ ಸರ್, ಸರ್. ಸ್ವಂತ ಗನ್ ಇಲ್ಲ, ಮೊದಲು ಕಲಿಯುತ್ತೇನೆ, ಕೊಳ್ಳುವುದು ಆಮೇಲೆ ಎಂದ. ಎಲ್ಲರೂ ಇಷ್ಟು ಬುದ್ಧಿವಂತರಾಗಿದ್ದರೆ ನನ್ನ ಕೆಲಸ ಎಷ್ಟು ಹಗುರ. ಅಂಗಡಿಯ ಪಿಸ್ತೂಲನ್ನೇ ಕೊಟ್ಟೆ. ಗುರಿ ಸಾಧಾರಣ. ಪ್ರಶ್ನೆಗಳು ಮಾತ್ರ ಚಿನ್ನ.

"ಸರ್, ಯಾರ ಹತ್ರ ಗನ್ ಇದೆ ಅಂತ ಹೇಗೆ ಗೊತ್ತಾಗುತ್ತೆ?"

ಇದು ನನ್ನ ಇಷ್ಟದ ವಿಷಯ. ಕೋಟು ಬಿಚ್ಚಿ ಅಭಿನಯಿಸಿಯೇ ತೋರಿಸಿದೆ. ಹೊಸಬರ ಕೈ ಸುಮ್ಮನಿರುವುದಿಲ್ಲ, ಗಂಟೆಗೆ ಹತ್ತು ಸಲ ಅಲ್ಲಿಗೇ ಹೋಗುತ್ತದೆ. ಹೆಂಗಸರಾದರೆ ಬ್ಯಾಗನ್ನು ಕಂಕುಳಲ್ಲಿ ಕೂಸಿನಂತೆ ಅವುಚಿಕೊಳ್ಳುತ್ತಾರೆ. ಎಲ್ಲರೂ ನಕ್ಕರು. ಅವನು ಬರೆದುಕೊಂಡ.

"ಎಲ್ಲೆಲ್ಲಿ ಒಳಗೆ ತಗೊಂಡು ಹೋಗಂಗಿಲ್ಲ, ಸರ್?"

ಶಾಲೆ, ಅಂಚೆ ಕಚೇರಿ, ಕೋರ್ಟು. ಅಲ್ಲಿ ಕಾರಲ್ಲೇ ಬಿಡಬೇಕು. ಸೀಟಿನ ಕೆಳಗೆ ಬೀಗದ ಪೆಟ್ಟಿಗೆ. ಹೊರಗೆ ನಿಂತು ಬಿಚ್ಚಬೇಡಿ, ಜನ ನೋಡುತ್ತಾರೆ. ಕಾರಿನೊಳಗೇ ಕೂತು, ತಲೆ ಬಗ್ಗಿಸಿ, ಮೆಲ್ಲಗೆ ಒಳಗಿಡಿ. ಹತ್ತು ಸೆಕೆಂಡಿನ ಕೆಲಸ. ಹಾಗೆಂದು ಪ್ರತಿ ಕ್ಲಾಸಿಗೂ ಹೇಳುತ್ತೇನೆ. ಅವನಿಗೂ ಹೇಳಿದೆ.

ಫೋಟೋಗೆ ನಿಲ್ಲಲಿಲ್ಲ. "ನಾನೇ ತೆಗಿತೀನಿ ಸರ್, ನೀವು ಮಧ್ಯ ನಿಂತ್ಕೊಳ್ಳಿ" ಎಂದ. ವಿನಯ ಅಂದರೆ ಇದು. ಗೋಡೆಯ ಮೇಲಿನ ಹಳೆಯ ಹಾಳೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ನಿಂತಿದ್ದ. ತನ್ನದಕ್ಕೂ ಸಹಿ ಹಾಕಿ ಅಂಟಿಸಿ ಹೋದ.

ಮನೆಗೆ ಬಂದು ನಡೀನ್‌ಗೆ ಹೇಳಿದೆ. "ಇಷ್ಟೊಂದು ಕೇಳೋನು ಯಾಕೆ ಕೇಳ್ತಾನೆ ಅಂತ ಕೇಳ್ದೆಯಾ?" ಅಂದಳು. ಯಾರನ್ನು ಹೊಗಳಿದರೂ ಅವಳಿಗೆ ಆಗದು.


ಮಾರ್ಚ್ 22, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಟ್ವೈಲಾ ಅಭ್ಯಾಸಕ್ಕೆ ಬಂದಿದ್ದಳು. ಬ್ಯಾಗು ಕಂಕುಳಲ್ಲಿ. ನಾನು ಛೇಡಿಸಿದೆ, ಆ ಬ್ಯಾಗೇನು ಮೊಲೆ ಕುಡಿಯುತ್ತಾ ಎಂದು. ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಜಿನ ಮೇಲೆ ಬ್ಯಾಗಿಟ್ಟು ಗೋಡೆ ಕಡೆ ತಿರುಗಿದಳು. ಹಾಗೇ ನಿಂತಳು.

"ಇದು ಯಾರು ಅಂಟಿಸಿದ್ದು?"

"ಯಾವುದು? ಓ, ಅದಾ? ಲಾಯ್ಡ್ ಅಂತ. ಒಳ್ಳೆ ಮನುಷ್ಯ."

ಮರಿಮೀನಿನ ತೊಟ್ಟಿಯ ಮುಚ್ಚಳದ ಮೇಲೆ ಕೂತುಬಿಟ್ಟಳು. ವಿಚ್ಛೇದನದ ಮೇಲೆ ತವರಿನ ಹೆಸರಿಗೆ ಮರಳಿದ್ದಾಳೆ. ಅದಕ್ಕೆ ಮುಂಚೆ ಅವಳೂ ಪ್ರೂಯಿಟ್ ಆಗಿದ್ದಳು. ಅವನು ಹೆಸರು ಸುಳ್ಳು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಆ ಹಾಳೆಯಿಂದ ಕಣ್ಣು ತೆಗೆಯದೆ ಕೇಳಿದಳು. "ನನ್ನ ಫೋಟೋ ಯಾವಾಗಿಂದ ಹಾಕಿದ್ದೀರಾ?"

"...ಕ್ಲಾಸಿನ ದಿನಾನೇ."

"ಯಾರಿಗೂ ಗೊತ್ತಾಗಬಾರ್ದು ಅಂತ ನೀವೇ ಹೇಳಿದ್ರಿ, ಮಿಸ್ಟರ್ ವರ್ನ್. ಮೊದಲ್ನೇ ಮಾತೇ ಅದು." ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಹನ್ನೆರಡು ವರ್ಷ. ಮುನ್ನೂರಕ್ಕೂ ಹೆಚ್ಚು ಜನ. ಬಚ್ಚಿಟ್ಟುಕೊಳ್ಳುವುದನ್ನು ಕಲಿಸಿ, ಬಾಗಿಲು ದಾಟುವ ಮುಂಚೆಯೇ ಊರಿಗೆಲ್ಲ ಡಂಗುರ ಹೊಡೆದಿದ್ದೇನೆ. ಒಬ್ಬರೂ ಇದನ್ನು ಎತ್ತಿ ಆಡಲಿಲ್ಲ. ನನಗೂ ಹೊಳೆಯಲಿಲ್ಲ. ಹಾಳೆ ಹಿಡಿದು ನಗುವ ಆ ಮುಖಗಳನ್ನು ನೋಡಿ ಹೆಮ್ಮೆ ಪಡುತ್ತಿದ್ದೆ, ಮೂರ್ಖ.


ಮಾರ್ಚ್ 24, ಸೋಮವಾರ

ದೂರು ಕೊಡಲು ಷೆರಿಫ್ ಕಚೇರಿಗೆ ಹೋದೆ. ಡೆಪ್ಯುಟಿ ಗೊತ್ತಿದ್ದವನೇ, ಅವನ ಮನೆಗೆ ಅಂಚೆ ಹಾಕಿದ್ದೇನೆ.

"ಕ್ಲಾಸಿಗೆ ಬಂದಿದ್ದು ಅಪರಾಧ ಅಲ್ಲ, ವರ್ನ್. ಅವಳ ಹತ್ರ ಬರಬಾರ್ದು ಅನ್ನೋ ಆರ್ಡರು ಜನವರಿಗೇ ಮುಗಿದಿದೆ. ಏಪ್ರಿಲ್ ಹದಿನಾರಕ್ಕೆ ಹಿಯರಿಂಗು, ಜಡ್ಜು ಹೊಸದು ಕೊಡ್ತಾರೆ. ಅಲ್ಲೀವರೆಗೆ ಅವನೇನಾದ್ರೂ ಮಾಡಿದ್ರೆ ಹೇಳು."

"ಮಾಡಿದ್ಮೇಲೆ ಹೇಳೋದಾ?"

ಡೆಪ್ಯುಟಿ ಟೋಪಿ ಸರಿಮಾಡಿಕೊಂಡ. ಅವನ ತಪ್ಪೂ ಇಲ್ಲ. ಅವನಿಗೇನು ಗೊತ್ತು, ನಾನು ಆ ಮನುಷ್ಯನಿಗೆ ಏನೇನು ಹೇಳಿಕೊಟ್ಟಿದ್ದೇನೆ ಎಂದು. ಹೇಳಲು ನಾಚಿಕೆಯಾಯಿತು. ಅರ್ಧ ಮಾತ್ರ ಹೇಳಿ ಬಂದೆ.


ಮಾರ್ಚ್ 29 – ಏಪ್ರಿಲ್ 12

ದಿನ ಬಿಟ್ಟು ದಿನ ಟ್ವೈಲಾ ಬರುತ್ತಾಳೆ, ಕೆಲಸ ಮುಗಿಸಿ. ಮೊದಲು ಬರುವುದಿಲ್ಲ ಎಂದಿದ್ದಳು. ನಡೀನ್ ಫೋನ್ ಮಾಡಿದಳು. ಏನು ಹೇಳಿದಳೋ, ಬಂದಳು.

ಅವನಿಗೆ ಗೊತ್ತಿರುವುದನ್ನೆಲ್ಲ ಬದಲಿಸುತ್ತಿದ್ದೇವೆ. ಬ್ಯಾಗು ಬೇಡ. ನಡೀನ್ ಅವಳ ಕೆಲಸದ ಅಂಗಿಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಳು, ಈಗ ಸೊಂಟದ ಒರೆ ಕಾಣುವುದೇ ಇಲ್ಲ. ಕೈ ಅತ್ತ ಹೋದಾಗಲೆಲ್ಲ ಮೇಜು ಕುಟ್ಟುತ್ತೇನೆ. ಶುರುವಿಗೆ ಇಪ್ಪತ್ತು ಸಲ ಕುಟ್ಟಬೇಕಿತ್ತು. ಈ ಶನಿವಾರ ಎರಡೇ ಸಲ. ಕೆಲಸಕ್ಕೆ ಹೋಗುವ ದಾರಿ ಬೇರೆ. ದಿನಸಿಗೆ ಬೇರೆ ಊರು. ಖಾಲಿ ಬ್ಯಾಗನ್ನು ಮಾತ್ರ ಈಗಲೂ ಕಂಕುಳಲ್ಲೇ ಹಿಡಿಯುತ್ತಾಳೆ. ಅವನು ಬ್ಯಾಗನ್ನೇ ನೋಡುತ್ತಿರಲಿ ಎಂದು. ಅದು ಅವಳದೇ ಯೋಚನೆ. ನನ್ನ ತಲೆಗೆ ಹೊಳೆದಿರಲಿಲ್ಲ.

ಒಂದು ದಿನ ನಡೀನ್‌ನ ಸೂಪು ಕುಡಿದು ಹೋದಳು. ಬಾಗಿಲಲ್ಲಿ ನನ್ನ ಕಿವಿಯಲ್ಲಿ ಅಂದಳು, "ಉಪ್ಪು ಜಾಸ್ತಿ. ಹೆಂಗೆ ಬದುಕಿದ್ದೀರಾ?" ನನ್ನನ್ನು ಕ್ಷಮಿಸಿದ್ದಾಳೆ ಅನ್ನಿಸಿತು. ಆಸೆಗೆ ಅನ್ನಿಸಿದ್ದೂ ಇರಬಹುದು.

ಗೋಡೆ ಬೋಳು ಮಾಡಿದ್ದೇನೆ. ಫೋಟೋಗಳನ್ನೂ ಅಳಿಸಿದೆ.


ಏಪ್ರಿಲ್ 15, ಮಂಗಳವಾರ

ನಾಳೆ ಒಂಬತ್ತಕ್ಕೆ ಕೋರ್ಟು. ಎಂಟೂವರೆಗೆ ಮೆಟ್ಟಿಲ ಮೇಲೆ ನಿಂತಿರುತ್ತೇನೆ ಎಂದಿದ್ದೇನೆ. ಬಾಗಿಲಲ್ಲಿ ಇಬ್ಬರು ಡೆಪ್ಯುಟಿಗಳು, ಲೋಹ ಪತ್ತೆ ಮಾಡುವ ಯಂತ್ರ. ಊರಲ್ಲಿ ಅದಕ್ಕಿಂತ ಭದ್ರ ಜಾಗವಿಲ್ಲ.

"ಹೆದರಿಕೆ ಆಗ್ತಿದೆಯಾ ತಾಯಿ?"

"ಇಲ್ಲ. ನಾಳೆ ಆದ್ಮೇಲೆ ಅವನು ಒಂದು ಹೆಜ್ಜೆ ಹತ್ರ ಬಂದ್ರೂ ಜೈಲು. ಕಾಗದ ಕೈಗೆ ಬಂದ್ರೆ ಸಾಕು." ಮತ್ತೆ, "ನೀವು ಆ ನೀಲಿ ಟೈ ಹಾಕ್ಬೇಡಿ ಮಿಸ್ಟರ್ ವರ್ನ್, ಜಡ್ಜು ಹೆದರ್ಕೊಳ್ತಾರೆ."


ಏಪ್ರಿಲ್ 16. ಬೆಳಗ್ಗೆ 7.10

ಕಾಫಿ. ಕಂದು ಟೈ. ಗನ್ ಮನೆಯಲ್ಲೇ ಬಿಟ್ಟೆ, ಕೋರ್ಟಲ್ಲವೇ. ಅವಳಿಗೆ ಕಲಿಸಿದ್ದನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಓಡಿಸಿ ನೋಡಿದೆ. ಬ್ಯಾಗು, ಕೈ, ದಾರಿ, ಅಂಗಿ. ಏನೋ ಒಂದು ಬಿಟ್ಟಿದ್ದೇನೆ ಅನ್ನಿಸುತ್ತಿದೆ. ನಡೀನ್ ಹಾರ್ನ್ ಮಾಡುತ್ತಿದ್ದಾಳೆ. ಬಂದು ಬರೆಯುತ್ತೇನೆ.


ಮೇ 3, ಶನಿವಾರ

ಕ್ಲಾಸಿಲ್ಲ. ಇನ್ನು ಇರುವುದೂ ಇಲ್ಲ. ಕೋಣೆಯ ಬೀಗದ ಕೈಯನ್ನು ಹೋಮರ್‌ಗೆ ಕೊಟ್ಟೆ.

ಆ ಬೆಳಗ್ಗೆ ನಾನು ಕೋರ್ಟಿನ ಮೆಟ್ಟಿಲ ಮೇಲಿದ್ದೆ. ಕಾರು ನಿಲ್ಲಿಸುವ ಜಾಗ ಅಲ್ಲಿಂದ ಐವತ್ತು ಹೆಜ್ಜೆ. ಅವಳ ಬಿಳಿ ಕಾರು ಬಂತು. ನನ್ನನ್ನು ನೋಡಿ ಕೈ ಎತ್ತಿದಳು. ಆಮೇಲೆ ತಲೆ ಬಗ್ಗಿಸಿದಳು.

ಆಗ ಹೊಳೆಯಿತು, ಆ ಹತ್ತು ಸೆಕೆಂಡು.

ಪಕ್ಕದ ವ್ಯಾನಿನ ಹಿಂದಿನಿಂದ ಬಂದ. ಕೈಯಲ್ಲಿ ಏನೂ ಇರಲಿಲ್ಲ. ಏನೂ ತರುವ ಅಗತ್ಯವೂ ಇರಲಿಲ್ಲ. ಅವಳು ಬೀಗದ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಳು ಅಷ್ಟೇ, ಬಾಗಿಲು ಎಳೆದ. ಕೂಗಿದೆ. ಓಡಿದೆ. ಎದುರಾಳಿ ಏಳು ಗಜ ಓಡಿ ಬರಲು ಒಂದೂವರೆ ಸೆಕೆಂಡು ಸಾಕೆಂದು ಹನ್ನೆರಡು ವರ್ಷ ಹೇಳಿಕೊಟ್ಟ ಬಾಯಿ ಇದು. ಅರವತ್ತಾರರ ಮೊಣಕಾಲಿಗೆ ಐವತ್ತು ಹೆಜ್ಜೆ ಎಷ್ಟೆಂದು ಲೆಕ್ಕ ಹಾಕಿರಲಿಲ್ಲ. ಎರಡು ಸದ್ದು. ಆಮೇಲೆ ಅವನು ಅವಳ ಪಿಸ್ತೂಲನ್ನು ಕಾರಿನ ಮೇಲಿಟ್ಟು, ಕೈ ಎತ್ತಿ ನಿಂತ. ನನ್ನನ್ನು ಗುರುತು ಹಿಡಿದ. "ಸರ್" ಎಂದ.

ಬ್ಯಾಗು ಪಕ್ಕದ ಸೀಟಿನಲ್ಲಿತ್ತು. ಖಾಲಿ.

ನಡೀನ್ ಸೂಪು ಮಾಡುವುದನ್ನು ಬಿಟ್ಟಿದ್ದಾಳೆ. ಬೈಯುವುದೂ ಇಲ್ಲ. ಒಂದು ಅಂಗಿ ಇನ್ನೂ ಹೊಲಿಗೆ ಮೇಜಿನ ಮೇಲಿದೆ, ತೆಗೆಯಲು ಬಿಡುವುದಿಲ್ಲ.


ಮೇ 6, ಮಂಗಳವಾರ

ಸರ್ಕಾರಿ ವಕೀಲರ ಕಚೇರಿಯಲ್ಲಿ ಹೇಳಿಕೆ ಕೊಟ್ಟೆ. ಈ ಸಲ ಪೂರ್ತಿ. ಒಂದೂ ಬಿಡಲಿಲ್ಲ. ಬರೆದುಕೊಂಡವಳು ಮೆತ್ತಗಿನ ದನಿಯವಳು, ಫಾರಂನಲ್ಲಿದ್ದ ಸಾಲುಗಳನ್ನು ಓದುತ್ತ ಹೋದಳು. ಹೆಸರು. ವಯಸ್ಸು. ಉದ್ಯೋಗ.

"ತೀರಿಕೊಂಡವರಿಗೂ ನಿಮಗೂ ಏನು ಸಂಬಂಧ, ಸರ್?"

"ಪಾಠ ಹೇಳಿಕೊಡ್ತಿದ್ದೆ. ಮೇಷ್ಟ್ರು ಅಂತ ಬರ್ಕೊಳ್ಳಿ."

ಬರೆದುಕೊಂಡಳು. ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದಳು.

"ಆರೋಪಿಗೂ ನಿಮಗೂ?"

ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಮೇಲಿನ ಸಾಲಿಗೆ ಬೆರಳು ತೋರಿಸಿದೆ. "ಅದನ್ನೇ ಬರ್ಕೊಳ್ಳಿ."