ಗೌರಿಯ ಉಸಿರಿನ ವಿಚಾರ

ಕೆಂಗಾಳಿ ಮಾಸ, ೨೧೯೧

ಸಂಡೂರು ಗುಡ್ಡದ ಗಣಿಯಲ್ಲಿ 'ಗೌರಿ' ಎಂಬ ಹಳದಿ ಲೋಡರ್ ಓಡಿಸುತ್ತಿರುವವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರ. ನಿಮ್ಮ ಹೆಸರು ನಮ್ಮವರೆಗೆ ಉಳಿದು ಬಂದಿಲ್ಲ. ಅದಿರು ಬಾಚುವ ಬಕೆಟ್ಟಿನ ಮೇಲೆ ನೀವು ಬೆಸುಗೆ ಹಾಕಿ ಬರೆದ ಅವಳ ಹೆಸರು ಉಳಿದಿದೆ. ನಿಮ್ಮ ಕಾಲಕ್ಕಿಂತ ಬಹಳ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ಕೆಂಗಾಳಿ ಎಂದರೆ ನೀವು ಬಗೆದುಬಿಟ್ಟ ಗುಡ್ಡಗಳ ಧೂಳನ್ನು ಹೊತ್ತು ಬರುವ ಗಾಳಿ. ಅದು ಬೀಸಿದಾಗಲೆಲ್ಲ ನಮ್ಮೂರಿನ ಕುಡಿಯುವ ನೀರಿನ ಕಾಲುವೆ ಮುಚ್ಚಿಹೋಗುತ್ತದೆ. ಗೌರಿ ಅದನ್ನು ಬಾಚಿ ತೆಗೆಯುತ್ತಾಳೆ. ನಾನು ಅವಳ ಉಸಿರುಗಾರ್ತಿ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನೋಡಿಕೊಳ್ಳುವವಳು. ಕೆಲಸ ದೊಡ್ಡದೇನಲ್ಲ. ಗಾಳಿಯ ಕೊಳವೆಗಳಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ, ಸಡಿಲಾದ ಕ್ಲಾಂಪು ಬಿಗಿಯುತ್ತೇನೆ. ಫಿಲ್ಟರಿನ ಡಬ್ಬಿಯನ್ನು ಮಾತ್ರ ಸುಮ್ಮಸುಮ್ಮನೆ ತೆರೆಯುವುದಿಲ್ಲ. ಪಕ್ಕದ ಗಾಜಿನಲ್ಲಿ ಫಿಲ್ಟರ್ ತುಂಬಿತೆಂದು ತೋರಿಸುವ ಕೆಂಪು ಪಟ್ಟಿ ಮೇಲೆ ಬಂದಾಗ, ಒದ್ದೆ ಬಟ್ಟೆಯಿಂದ ಹೊರಗೆಲ್ಲ ಒರೆಸಿ, ಆಮೇಲೆ ತೆರೆಯುತ್ತೇನೆ. ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಯಾರೂ ಕಸ ಗುಡಿಸಬಾರದು, ಕಂಬಳಿ ಕೊಡವಬಾರದು. ಕೊಡವಿದವರಿಗೆ ನನ್ನ ಬಾಯಿ ಎಂಥದ್ದೆಂದು ಗೊತ್ತು.

ಮೊದಲು ನಮ್ಮಲ್ಲಿ ಇನ್ನೊಂದು ಲೋಡರ್ ಇತ್ತು. ನಮ್ಮ ಮಾವ ಸಣ್ಣೀರಪ್ಪನವರು ಆಯುಧಪೂಜೆಯ ದಿನ ಅದರ ಫಿಲ್ಟರ್ ಹೊರತೆಗೆದು ಟೈರಿಗೆ ಪಟಪಟ ಬಡಿದರು. ಬ್ಯಾಡ್ರಿ ಮಾವ ಎಂದೆ. "ಹಬ್ಬದ ದಿನಾನೂ ಹೊಲಸ ಇಟ್ಕೊಂಡು ಪೂಜಿ ಮಾಡ್ಬೇಕೇನವ್ವ? ನಮ್ಮ ಹಿರ್ಯಾರೆಲ್ಲ ಹಿಂಗ ಬಡಿದು ಸ್ವಚ್ಛ ಮಾಡ್ಯಾರ," ಎಂದು ನನ್ನನ್ನೇ ಗದರಿದರು. ಹೊರಗಿನಿಂದ ನೋಡಿದರೆ ಫಿಲ್ಟರ್ ಲಕಲಕ. ಮಡಿಕೆಯೊಳಗೆ ಕಾಗದ ಹರಿದಿತ್ತು, ಅಂಚಿನ ರಬ್ಬರು ಸೊಟ್ಟಗಾಗಿತ್ತು. ಎಂಜಿನ್ ಧೂಳು ತಿಂದು ತಿಂದು ಮುಂದಿನ ಮಳೆಗಾಲದೊಳಗೆ ಕೆಟ್ಟು ನಿಂತಿತು. ಮಾವ ಅದರ ಪಕ್ಕದಲ್ಲೇ ಕೂತು ಅತ್ತರು. ಪಾಪ, ಬೈಯಲೂ ಮನಸ್ಸಾಗಲಿಲ್ಲ.

ಅವರು ಹೇಳಿದ ಆ ಹಿರಿಯರು ನೀವೇ. ಗೌರಿಯ ಎಂಜಿನ್ ಬಿಚ್ಚಿದಾಗ ನಿಮ್ಮ ಕಾಲದಿಂದಲೇ ಧೂಳು ಒಳಗೆ ಹೋಗಿ ಸವೆದದ್ದು ಕಂಡಿತು. ಈಗ ಅವಳು ಎಣ್ಣೆ ಕುಡಿಯುತ್ತಾಳೆ, ನೀಲಿ ಹೊಗೆ ಬಿಡುತ್ತಾಳೆ, ಏರು ಹತ್ತಲಾರಳು. ಅವಳೂ ನಿಂತರೆ ನೀರು ನಿಲ್ಲುತ್ತದೆ, ನಾವು ಊರು ಬಿಡಬೇಕು. ನನಗೆ ಭಯವಾಗಿದೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಫಿಲ್ಟರನ್ನು ಟೈರಿಗೆ ಬಡಿಯಬೇಡಿ. ತುಂಬಿದ್ದರೆ ಹೊಸದು ಹಾಕಿ. ಮೇಸ್ತ್ರಿ ಗೊಣಗಿದರೆ ಗೊಣಗಲಿ. ಹಬ್ಬದ ಕುಂಕುಮವನ್ನು ಬಕೆಟ್ಟಿಗೆ ಹಚ್ಚಿ, ಗಾಳಿ ಎಳೆಯುವ ಬಾಯಿಗೆ ಬೇಡ.

ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ನಾಳೆ ಬೆಳಗ್ಗೆ ಗೌರಿಯನ್ನು ಚಾಲೂ ಮಾಡಿ ಹೊಗೆಯ ಬಣ್ಣದಲ್ಲೇ ನಿಮ್ಮ ಉತ್ತರ ನೋಡುತ್ತೇನೆ.