ದೊಡ್ಡ ಮಿಷನ್ ಬೇಡವೆಂದ ಅಕ್ಕಯಮ್ಮ

13-6-98, ಶನಿವಾರ

ಸ್ಕೂಟರಿಗೆ ನಾನೇ ಸೈಡ್‌ಕಾರ್ ಕಟ್ಟಲು ಯಾವ ವೆಲ್ಡಿಂಗ್ ಮಿಷನ್ ಕೊಳ್ಳಲಿ ಎಂಬ ಗೊಂದಲ ಇವತ್ತು ಮುಗಿಯಿತು. ಚಾಮರಾಜಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ನಡೆಸುವ ಅಕ್ಕಯಮ್ಮ ತಮ್ಮ ಎರಡು ಹಳೇ ಮಿಷನ್ ಮಾರುತ್ತಿದ್ದರು. ನಾನು ದೊಡ್ಡದನ್ನೇ ಕೇಳಿದೆ.

"ಅದು ನಿಮ್ಮ ತೆಳು ಪೈಪನ್ನ ತೂತು ಮಾಡ್ಬಿಡತ್ತೆ. ಮನೆ ಕರೆಂಟೂ ತಡ್ಕೊಳ್ಳಲ್ಲ. ಚಿಕ್ಕದು ತಗೊಳ್ಳಿ, ಅರ್ಧ ರೇಟು," ಎಂದರು. ಅದರಲ್ಲೇ ಎರಡು ಪೈಪು ಬೆಸೆದು ತೋರಿಸಿದರು. ಸುತ್ತಿಗೆಯಿಂದ ಎಷ್ಟು ಬಡಿದರೂ ಬೆಸುಗೆ ಬಿಡಲಿಲ್ಲ. ಎಂಥ ಕೈ! ದೊಡ್ಡದನ್ನು ಮಾರುವ ಅವಕಾಶವನ್ನೂ ಬಿಟ್ಟುಕೊಟ್ಟರಲ್ಲ.

"ಸೈಡ್‌ಕಾರಲ್ಲಿ ಯಾರು ಕೂರೋದು?"

"ನನ್ನ ಹೆಂಡ್ತಿ."

"ಹಂಗಾದ್ರೆ ಒಂದು ತಿಂಗ್ಳು ಇಲ್ಲಿ ಬಂದು ಕಲೀರಿ. ಕಟ್ಟಿದ್ಮೇಲೆ ಮೊದ್ಲು ನಾನು ಕೂತು ಒಂದು ರೌಂಡ್ ಬರ್ತೀನಿ."

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕುಸುಮಾಗೆ ಇದನ್ನು ಹೇಳಿದೆ. ಸೈಡ್‌ಕಾರ್ ಬೇಡವೇ ಬೇಡ ಎನ್ನುತ್ತಿದ್ದವಳು, "ಅವ್ರು ಕೂತ್ರೆ ನಾನೂ ಕೂರ್ತೀನಿ" ಎಂದಳು.